ವಿಜಯ್ ಅಯ್ಯರ್ ಈಗ ಯಾರ ಜೊತೆ ಕೂತಿದ್ದಾರೆ?

ಪ್ರಶ್ನೆ: ನಾನು ಗಂಗಾವತಿ ಕಡೆಯವನು. ನಾಟಕಕ್ಕೆ, ಭಜನೆಗೆ ಪೇಟಿ (ಹಾರ್ಮೋನಿಯಂ) ನುಡಿಸುತ್ತೇನೆ. ಈಚೆಗೆ ಒಂದು ಕೀಬೋರ್ಡ್ ಕೂಡ ತಗೊಂಡಿದ್ದೇನೆ. ಮಗ ಫೋನಿನಲ್ಲಿ ವಿಜಯ್ ಅಯ್ಯರ್ ಅನ್ನೋ ಜಾಝ್ ಪಿಯಾನೊ ವಾದಕರದ್ದು ಕೇಳಿಸಿದ. ತಾಳ ಕೈಗೆ ಸಿಕ್ಕಂಗೆ ಆಗಿ ಜಾರಿ ಹೋಗುತ್ತೆ. ಇವರ ಹೊಸ ಆಲ್ಬಮ್ ಯಾವುದು? ಯಾವುದನ್ನು ಮೊದಲು ಕೇಳಬೇಕು? ನಮ್ಮ ಕಡೆ ಕಾರ್ಯಕ್ರಮಕ್ಕೆ ಬರ್ತಾರಾ? ಪೇಟಿಯವನು ಇದರಿಂದ ಕಲಿಯುವಂಥದ್ದು ಏನಾದರೂ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಉತ್ತರ ‘ಬೇಕಾದಷ್ಟಿದೆ’. ಅದಕ್ಕೆ ಆಮೇಲೆ ಬರೋಣ. ಮೊದಲು ‘ಹೊಸ ಆಲ್ಬಮ್ ಯಾವುದು’ ಅನ್ನೋದು. ಸಿನಿಮಾ ಹಾಡಿನವರಿಗೆ ಈ ಪ್ರಶ್ನೆ ಸರಿ. ಜಾಝ್‌ನವರಿಗೆ ಅಷ್ಟಾಗಿ ಒಗ್ಗುವುದಿಲ್ಲ.

ನಿಮ್ಮ ಕೆಲಸವನ್ನೇ ನೋಡಿ. ಸೋಮವಾರ ಮಠದಲ್ಲಿ ಭಜನೆ. ವಾರದ ನಡುವೆ ನಾಟಕದ ತಾಲೀಮು. ಗವಿಮಠದ ಜಾತ್ರೆ ಬಂತು ಅಂದ್ರೆ ರಾತ್ರಿಯಿಡೀ ರಂಗಗೀತೆ. ಯಾರಾದರೂ ಹಿಂದುಸ್ತಾನಿ ಗಾಯಕರು ಬಂದರೆ ಅವರಿಗೆ ಸಾಥ್. ಪೇಟಿ ಒಂದೇ, ಬೆರಳೂ ಅವೇ. ಆದರೆ ಮಗ್ಗುಲಲ್ಲಿ ಕೂತವರು ಬದಲಾದರೆ ನೀವು ನುಡಿಸುವುದೂ ಬದಲಾಗುತ್ತದೆ. ಅಯ್ಯರ್ ಅವರದ್ದೂ ಇದೇ ಕಥೆ. ಒಂದೇ ಕಾಲದಲ್ಲಿ ಅವರಿಗೆ ಮೂರ್ನಾಲ್ಕು ಮೇಳಗಳಿರುತ್ತವೆ. ಒಂದರ ರೆಕಾರ್ಡಿಂಗ್ ಈ ವರ್ಷ ಬರುತ್ತದೆ, ಇನ್ನೊಂದರದ್ದು ಮುಂದಿನ ವರ್ಷ. ಈ ನಡುವೆ ಎಲ್ಲ ಮೇಳಗಳ ಪ್ರವಾಸವೂ ನಡೆದೇ ಇರುತ್ತದೆ. ಹಾಗಾಗಿ ಕೇಳಬೇಕಾದದ್ದು ‘ಈಗ ಯಾರ ಜೊತೆ ಕೂತಿದ್ದಾರೆ’ ಅಂತ.

ಅವರ ಪರಿಚಯ ಚುಟುಕಾಗಿ. 1971ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಹುಟ್ಟಿದವರು. ತಂದೆ ತಾಯಿ ತಮಿಳರು. ಮೂರನೇ ವಯಸ್ಸಿನಿಂದ ಹದಿನೈದು ವರ್ಷ ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲು ಕಲಿತರು. ಪಿಯಾನೊಗೆ ಗುರುಗಳ ಪಾಠ ಆಗಿಲ್ಲ, ಕೇಳಿ ಕೇಳಿ ತಾವೇ ಕೂಡಿಸಿಕೊಂಡದ್ದು. ನಮ್ಮ ಪೇಟಿ ಮಾಸ್ತರರಲ್ಲಿ ಎಷ್ಟೋ ಜನ ಹೀಗೇ ಅಲ್ವಾ? ಓದಿದ್ದು ಗಣಿತ ಮತ್ತು ಭೌತಶಾಸ್ತ್ರ, ಯೇಲ್‌ನಲ್ಲಿ. ಆಮೇಲೆ ಬರ್ಕ್ಲಿಯಲ್ಲಿ ಪಿಎಚ್‌ಡಿ, 1998ರಲ್ಲಿ. ಅದರ ವಿಷಯ ಚೆನ್ನಾಗಿದೆ. ತಾಳ ಗೊತ್ತಾಗುವುದು ಬರೀ ತಲೆಗಲ್ಲ, ನಡೆಯುವ ಕಾಲಿಗೆ, ಉಸಿರಿಗೆ, ತಟ್ಟುವ ಕೈಗೆ ಅನ್ನೋದನ್ನು ಆಫ್ರಿಕಾದ ಮತ್ತು ಆಫ್ರಿಕನ್ ಅಮೆರಿಕನ್ನರ ಸಂಗೀತ ಇಟ್ಟುಕೊಂಡು ಬರೆದಿದ್ದಾರೆ. 2013ರಲ್ಲಿ ಅಮೆರಿಕದ ದೊಡ್ಡ ಗೌರವಗಳಲ್ಲಿ ಒಂದಾದ ಮೆಕಾರ್ಥರ್ ಫೆಲೋಶಿಪ್ ಬಂತು. 2014ರಿಂದ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರು.

ಈಗ ಮೇಳಗಳ ವಿಷಯ.

ಮೊದಲನೆಯದು ಟ್ರಿಯೊ, ಅಂದರೆ ಮೂರೇ ಜನ: ಪಿಯಾನೊ, ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ), ಡ್ರಮ್. ಅಯ್ಯರ್ ಹೆಸರು ಮಾಡಿದ್ದು ಇದರಿಂದಲೇ. ಹಳೇ ಟ್ರಿಯೊದಲ್ಲಿ ಬಾಸ್‌ಗೆ ಸ್ಟೀಫನ್ ಕ್ರಂಪ್, ಡ್ರಮ್‌ಗೆ ಮಾರ್ಕಸ್ ಗಿಲ್ಮೋರ್ ಇದ್ದರು. ಗಿಲ್ಮೋರ್ ಯಾರು ಗೊತ್ತಾ? ಜಾಝ್ ಡ್ರಮ್ಮಿನ ದೊಡ್ಡ ಹೆಸರು ರಾಯ್ ಹೇನ್ಸ್ ಅವರ ಮೊಮ್ಮಗ. ಈ ಮೂವರ ‘ಹಿಸ್ಟೊರಿಸಿಟಿ’ 2009ರಲ್ಲಿ, ‘ಅಕ್ಸೆಲೆರಾಂಡೊ’ 2012ರಲ್ಲಿ, ‘ಬ್ರೇಕ್ ಸ್ಟಫ್’ 2015ರಲ್ಲಿ ಬಂದವು.

ಹೊಸ ಟ್ರಿಯೊದಲ್ಲಿ ಬಾಸ್ ಲಿಂಡಾ ಮೇ ಹಾನ್ ಓ ಅವರದ್ದು. ಮಲೇಷ್ಯಾದಲ್ಲಿ ಹುಟ್ಟಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬೆಳೆದವರು. ಡ್ರಮ್ ಟೈಶಾನ್ ಸೋರಿ ಅವರದ್ದು. ಇವರನ್ನು ಬರೀ ಡ್ರಮ್ಮರ್ ಅಂದ್ರೆ ತಪ್ಪಾಗುತ್ತೆ. ಸಂಗೀತ ರಚನೆಗೆ 2024ರಲ್ಲಿ ಪುಲಿಟ್ಜರ್ ಪ್ರಶಸ್ತಿ ಗೆದ್ದವರು. ಈ ಮೂವರ ಮೊದಲ ಆಲ್ಬಮ್ ‘ಅನ್‌ಈಸಿ’. 2019ರ ಡಿಸೆಂಬರಿನಲ್ಲಿ, ಕೊರೊನಾ ಬರುವ ಮುಂಚೆ ರೆಕಾರ್ಡ್ ಮಾಡಿದ್ದು. ಹೊರಗೆ ಬಂದದ್ದು 2021ರಲ್ಲಿ. ಎರಡನೆಯದು ‘ಕಂಪ್ಯಾಶನ್’, ಫೆಬ್ರವರಿ 2024.

‘ಅನ್‌ಈಸಿ’ಯ ಮೊದಲ ತುಣುಕಿನ ಹೆಸರು ‘ಚಿಲ್ಡ್ರನ್ ಆಫ್ ಫ್ಲಿಂಟ್’. ಫ್ಲಿಂಟ್ ಅಂದ್ರೆ ಅಮೆರಿಕದ ಮಿಶಿಗನ್ ರಾಜ್ಯದ ಒಂದು ಊರು. 2014ರಲ್ಲಿ ಖರ್ಚು ಉಳಿಸಲು ಅಲ್ಲಿ ಕುಡಿಯುವ ನೀರಿನ ಮೂಲ ಬದಲಾಯಿಸಿದರು. ಹೊಸ ನೀರು ಹಳೇ ಪೈಪುಗಳನ್ನು ತಿಂದು ಸೀಸ ಬಿಡಿಸಿತು. ಆ ನೀರನ್ನೇ ಮಕ್ಕಳು ಕುಡಿದರು. 2022ರಲ್ಲಿ ನಲ್ಲಿ ನೀರು ಕುಡಿದು ಜನ ಸತ್ತದ್ದನ್ನು ಕಂಡ ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಡಿಲ್ಲ, ಮಾತಿಲ್ಲ, ಬರೀ ಮೂರು ವಾದ್ಯ. ಘೋಷಣೆ ಕೂಗುವ ಸಂಗೀತ ಅಂದುಕೊಂಡು ಕೂರಬೇಡಿ. ಮೆತ್ತಗೆ ಶುರುವಾಗಿ ಮೆತ್ತಗೇ ಸುತ್ತುತ್ತದೆ. ಹೆಸರು ಗೊತ್ತಿಲ್ಲದೆ ಕೇಳಿದರೂ ಚೆನ್ನಾಗಿದೆ. ಗೊತ್ತಿದ್ದು ಕೇಳಿದರೆ ಬೇರೆಯೇ.

‘ಅನ್‌ಈಸಿ’, ‘ಕಂಪ್ಯಾಶನ್’ ಎರಡೂ ಜರ್ಮನಿಯ ಮ್ಯೂನಿಕ್‌ನ ಇಸಿಎಂ ಅನ್ನೋ ರೆಕಾರ್ಡಿಂಗ್ ಕಂಪನಿಯವು. ಒಂದು ಚಿಕ್ಕ ಸಂಗತಿ. ಇಸಿಎಂ ಸಿ.ಡಿ.ಗಳು ಶುರುವಾಗುವ ಮುಂಚೆ ಸುಮಾರು ಐದು ಸೆಕೆಂಡ್ ಏನೂ ಕೇಳಿಸುವುದಿಲ್ಲ, ಬೇಕಂತಲೇ ಹಾಗೆ ಬಿಡುತ್ತಾರೆ. ಆವಾಜು ಬರಲಿಲ್ಲ ಅಂತ ವಾಲ್ಯೂಮ್ ಏರಿಸಲು ಹೋಗಬೇಡಿ.

ಎರಡನೇ ಮೇಳದಲ್ಲಿ ಇಬ್ಬರೇ. ಟ್ರಂಪೆಟ್ ನುಡಿಸುವ ವಾಡಾಡಾ ಲಿಯೋ ಸ್ಮಿತ್ ಮತ್ತು ಅಯ್ಯರ್. ಸ್ಮಿತ್ 1941ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದವರು. ಅಯ್ಯರ್ ಹಿಂದೆ ಅವರ ತಂಡದಲ್ಲೇ ನುಡಿಸುತ್ತಿದ್ದರು. ಈ ಜೋಡಿಯ ಮೊದಲ ಆಲ್ಬಮ್ 2016ರಲ್ಲಿ ಬಂತು, ‘ಎ ಕಾಸ್ಮಿಕ್ ರಿದಮ್ ವಿತ್ ಈಚ್ ಸ್ಟ್ರೋಕ್’. ಆ ಹೆಸರು ಬಂದದ್ದು ನಮ್ಮ ದೇಶದ ಚಿತ್ರಕಲಾವಿದೆ ನಸ್ರೀನ್ ಮೊಹಮದಿ ಅವರ ಡೈರಿಯ ಸಾಲಿನಿಂದ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿ ಅವರ ಗೆರೆಚಿತ್ರಗಳ ಪ್ರದರ್ಶನ ಇದ್ದಾಗ, ಅದಕ್ಕಂತಲೇ ಮಾಡಿದ ಸಂಗೀತ ಅದು. ಎರಡನೇ ಆಲ್ಬಮ್ ‘ಡಿಫೈಯಂಟ್ ಲೈಫ್’, ಮಾರ್ಚ್ 2025ರದ್ದು. ಇದರಲ್ಲಿ ಕಾಂಗೋದ ನಾಯಕ ಪ್ಯಾಟ್ರಿಸ್ ಲುಮುಂಬಾಗೆ ಒಂದು ತುಣುಕು, ಗಾಜಾದಲ್ಲಿ 2023ರಲ್ಲಿ ಸತ್ತ ಕವಿ ರಿಫಾತ್ ಅಲರೀರ್‌ಗೆ ಒಂದು ತುಣುಕು ಇದೆ. ತಾಳ ಇಲ್ಲವೇ ಇಲ್ಲ ಅನ್ನುವಷ್ಟು ನಿಧಾನ. ನಿಮ್ಮ ಕಿವಿಗೆ ಇದು ಆಲಾಪದ ಹತ್ತಿರ ಬರಬಹುದು. ಆದರೂ ಮೊದಲಿಗೇ ಇದನ್ನು ಕೇಳಬೇಡಿ. ನೀವು ತಾಳ ಹುಡುಕಿಕೊಂಡು ಬಂದವರು.

ಮೂರನೆಯದು ‘ಲವ್ ಇನ್ ಎಕ್ಸೈಲ್’, 2023. ಪಾಕಿಸ್ತಾನ ಮೂಲದ ಗಾಯಕಿ ಅರೂಜ್ ಆಫ್ತಾಬ್, ಬಾಸ್ ಮತ್ತು ಸಿಂಥ್ ನುಡಿಸುವ ಶಹಜಾದ್ ಇಸ್ಮಾಯಿಲಿ, ಮತ್ತೆ ಅಯ್ಯರ್. ಉರ್ದು ಸಾಲುಗಳು. ಏಳು ತುಣುಕು, ಒಂದು ಗಂಟೆಗಿಂತ ಜಾಸ್ತಿ. ಮೊದಲೇ ಬರೆದಿಟ್ಟುಕೊಂಡು ನುಡಿಸಿದ್ದಲ್ಲ, ಮೂವರೂ ಕೂತು ಅಲ್ಲಲ್ಲೇ ಹುಟ್ಟಿಸಿದ್ದು. ಮನೆಯವರಿಗೆಲ್ಲ ಹಿಡಿಸುವುದು ಇದೇ. ರಾತ್ರಿ ಊಟ ಆದಮೇಲೆ ಹಾಕಿ. ಪೇಟಿಯವರು ಗಮನಿಸಬೇಕಾದದ್ದು ಅಯ್ಯರ್ ಎಷ್ಟು ಕಡಿಮೆ ನುಡಿಸುತ್ತಾರೆ ಅನ್ನೋದು. ಗಾಯಕಿ ಒಂದು ಸಾಲು ಮುಗಿಸಿದ ತಕ್ಷಣ ಅದನ್ನೇ ತಿರುಗಿ ನುಡಿಸುವ ಚಟ ನಮ್ಮಲ್ಲಿದೆ. ಅವರು ಆ ಜಾಗವನ್ನು ಖಾಲಿ ಬಿಡುತ್ತಾರೆ.

ಇವಲ್ಲದೆ ಆರು ಜನರ ಮೇಳದ ‘ಫಾರ್ ಫ್ರಮ್ ಓವರ್’ (2017) ಇದೆ. ಇನ್ನೊಬ್ಬ ಪಿಯಾನೊ ವಾದಕ ಕ್ರೇಗ್ ಟೇಬಾರ್ನ್ ಜೊತೆ ಎರಡು ಪಿಯಾನೊದ್ದು ಒಂದಿದೆ. ಆರ್ಕೆಸ್ಟ್ರಾಕ್ಕೆ ಬರೆದದ್ದೂ ಇದೆ. ಪಿಟೀಲು ವಾದಕಿ ಜೆನಿಫರ್ ಕೋ ಅವರಿಗಾಗಿ ಬರೆದ ‘ಟ್ರಬಲ್’ ಅನ್ನೋ ಕಾನ್ಸರ್ಟೊ 2024ರಲ್ಲಿ ಆಲ್ಬಮ್ ಆಗಿ ಬಂತು. ಅದರಲ್ಲಿ ಅಯ್ಯರ್ ಬರೆದವರು, ನುಡಿಸುವವರು ಬೇರೆ. ಇವನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ.

ಹಾಗಾದರೆ ಮೊದಲು ಯಾವುದು? ನಮ್ಮವರಿಗೆ ಎಲ್ಲರೂ ‘ತೀರ್ಥ’ ಕೇಳಿ ಅಂತಾರೆ. 2011ರ ಆಲ್ಬಮ್. ಕರ್ನಾಟಕಿ ಶೈಲಿಯಲ್ಲಿ ಗಿಟಾರ್ ನುಡಿಸುವ ಪ್ರಸನ್ನ, ತಬಲಾಕ್ಕೆ ಹೈದರಾಬಾದಿನ ನಿತಿನ್ ಮಿತ್ತ. ಒಳ್ಳೆಯದೇ. ಆದರೆ ಅದು ಮೊದಲು ಬೇಡ. ತಬಲಾ ಕೇಳಿಸಿದ ಕೂಡಲೇ ನಿಮ್ಮ ಕಿವಿ ಗುರುತಿನ ಜಾಗಕ್ಕೆ ಓಡಿ ಕೂತುಬಿಡುತ್ತದೆ. ಪಿಯಾನೊ ಏನು ಮಾಡಿತು ಅನ್ನೋದು ತಪ್ಪಿಹೋಗುತ್ತದೆ. ‘ಹಿಸ್ಟೊರಿಸಿಟಿ’ಯಿಂದ ಶುರು ಮಾಡಿ. ಅದರಲ್ಲೂ ‘ಮಿಸ್ಟಿಕ್ ಬ್ರೂ’ ಅನ್ನೋ ತುಣುಕಿನಿಂದ.

ಈ ತುಣುಕಿನ ಹತ್ತಿರ ಸ್ವಲ್ಪ ನಿಲ್ಲೋಣ. ‘ತಾಳ ಸಿಕ್ಕಂಗೆ ಆಗಿ ಜಾರುತ್ತೆ’ ಅಂದಿರಲ್ಲ, ಅದರ ಗುಟ್ಟು ಇಲ್ಲಿದೆ.

‘ಮಿಸ್ಟಿಕ್ ಬ್ರೂ’ ಮೂಲದಲ್ಲಿ ರಾನಿ ಫಾಸ್ಟರ್ ಅನ್ನೋ ಆರ್ಗನ್ ವಾದಕರದ್ದು, 1972ರದ್ದು. ಆಮೇಲೆ ಹಿಪ್‌ಹಾಪ್‌ನವರು ಅದರ ತುಂಡು ತಗೊಂಡು ಹಾಡು ಮಾಡಿದರು. ಅಯ್ಯರ್ ಅದನ್ನು ಟ್ರಿಯೊಗೆ ತಂದಾಗ ಒಂದು ಲೆಕ್ಕ ಇಟ್ಟುಕೊಂಡರು. 1, 2, 3, 5, 8, 13. ಹಿಂದಿನ ಎರಡು ಕೂಡಿಸಿದರೆ ಮುಂದಿನದು. ಇದನ್ನು ಫಿಬೊನಾಚಿ ಸಂಖ್ಯೆಗಳು ಅಂತಾರೆ. ಈ ಲೆಕ್ಕದ ಬಗ್ಗೆ ಅಯ್ಯರ್ ಅವರೇ 2009ರಲ್ಲಿ ಲೇಖನ ಬರೆದಿದ್ದಾರೆ.

ಲೆಕ್ಕ ತಾಳಕ್ಕೆ ಹೇಗೆ ಬರುತ್ತದೆ? ಎಂಟು ಮಾತ್ರೆ ತಗೊಳ್ಳಿ, ನಿಮ್ಮ ಕೆಹರ್ವಾ ತಾಳದ ಅಳತೆ. ಅದನ್ನು ನಾಲ್ಕು ನಾಲ್ಕು ಅಂತ ಒಡೆಯದೆ ಐದು ಮೂರು ಅಂತ ಒಡೆಯಿರಿ. ಒಂದರ ಮೇಲೆ ಒಂದು ಚಪ್ಪಾಳೆ, ಆರರ ಮೇಲೆ ಇನ್ನೊಂದು. ಒಂದು ಉದ್ದ, ಒಂದು ಗಿಡ್ಡ. ಈಗ ಹದಿಮೂರು ಮಾತ್ರೆ ತಗೊಂಡು ಎಂಟು ಐದು ಅಂತ ಒಡೆಯಿರಿ. ಚಪ್ಪಾಳೆ ಒಂದಕ್ಕೆ, ಒಂಬತ್ತಕ್ಕೆ. ಇದೂ ಒಂದು ಉದ್ದ, ಒಂದು ಗಿಡ್ಡ. ಐದನ್ನು ಮೂರರಿಂದ ಭಾಗಿಸಿದರೆ 1.67. ಎಂಟನ್ನು ಐದರಿಂದ ಭಾಗಿಸಿದರೆ 1.6. ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ ತೂಗು. ಒಳಗಿನ ಎಣಿಕೆ ಮಾತ್ರ ಪೂರಾ ಬೇರೆ. ನೀವು ತೂಗನ್ನು ಹಿಡಿದು ‘ಸಿಕ್ತು’ ಅಂತೀರಿ. ಎಣಿಸಲು ಹೋದಾಗ ಸಮ್ (ತಾಳದ ಮೊದಲ ಮಾತ್ರೆ) ಬೇರೆ ಕಡೆ ಬೀಳುತ್ತದೆ. ಜಾರಿದ್ದು ನಿಮ್ಮ ಕಿವಿಯಲ್ಲ, ಬೆರಳೆಣಿಕೆ.

ಈ ಸಂಖ್ಯೆಗಳು ನಮಗೆ ಹೊರಗಿನವೂ ಅಲ್ಲ. ಶಾಲೆಯಲ್ಲಿ ಛಂದಸ್ಸು ಓದಿದ್ದು ನೆನಪಿದೆಯಾ? ಮೂರು ಮಾತ್ರೆಯ ಗಣವನ್ನು ಲಘು ಗುರುಗಳಿಂದ ತುಂಬಲು ಇರುವುದು ಮೂರೇ ದಾರಿ. ನಾಲ್ಕು ಮಾತ್ರೆಗೆ ಐದು ದಾರಿ. ಐದು ಮಾತ್ರೆಗೆ ಎಂಟು. ಆರಕ್ಕೆ ಹದಿಮೂರು. ಅನುಮಾನ ಇದ್ರೆ ಪೆನ್ನು ಹಿಡಿದು ಬರೆದು ನೋಡಿ. ಗುಜರಾತಿನ ಜೈನ ಪಂಡಿತ ಹೇಮಚಂದ್ರ ಇದನ್ನು ಹನ್ನೆರಡನೇ ಶತಮಾನದಲ್ಲೇ ಲೆಕ್ಕ ಹಾಕಿ ಇಟ್ಟಿದ್ದ. ಫಿಬೊನಾಚಿ ಪುಸ್ತಕ ಬರೆದದ್ದು 1202ರಲ್ಲಿ. ನಮ್ಮ ಭಾಮಿನಿ ಷಟ್ಪದಿಯ ಸಾಲು ಮೂರು ನಾಲ್ಕು, ಮೂರು ನಾಲ್ಕು ಅಂತ ನಡೆಯುತ್ತದೆ. ದೀಪಚಂದಿ ತಾಳದ ಹದಿನಾಲ್ಕು ಮಾತ್ರೆಯ ಒಡೆತವೂ ಅದೇ. ಗಿಡ್ಡ ಉದ್ದದ ನಡೆ ನಮ್ಮ ಮೈಗೆ ಹೊಸದಲ್ಲ. ಬಳ್ಳಾರಿಯಲ್ಲಿ ನನ್ನ ಹತ್ತಿರ ಕಲಿಯುವ ಹುಡುಗರಿಗೆ ಈ ತುಣುಕು ಕೇಳಿಸಿ ನೋಡಿದ್ದೇನೆ. ಸಿನಿಮಾ ಹಾಡಿನ ಕೀಬೋರ್ಡ್ ಕಲಿತವರು ತಬ್ಬಿಬ್ಬಾಗುತ್ತಾರೆ. ಭಜನೆಯಲ್ಲಿ ತಾಳ ಹಿಡಿದು ಬೆಳೆದವರು ತಲೆ ಅಲ್ಲಾಡಿಸಲು ಶುರು ಮಾಡುತ್ತಾರೆ, ಯಾಕೆ ಅಂತ ಅವರಿಗೂ ಗೊತ್ತಿರಲ್ಲ.

ಅದಾದ ಮೇಲೆ ‘ಬ್ರೇಕ್ ಸ್ಟಫ್’ನ ‘ಹುಡ್’ ಕೇಳಿ. ಡೆಟ್ರಾಯ್ಟ್‌ನ ಟೆಕ್ನೊ ಸಂಗೀತಗಾರ ರಾಬರ್ಟ್ ಹುಡ್ ಅವರ ಹೆಸರಿನಲ್ಲಿ ಮಾಡಿದ್ದು. ಪಿಯಾನೊ ಕೆಲವೇ ಸ್ವರಗಳನ್ನು ಕುಟ್ಟುತ್ತಾ ಹೋಗುತ್ತದೆ. ಬೇಜಾರು ಅನ್ನಿಸಿದರೆ ಪಿಯಾನೊ ಬಿಡಿ, ಡ್ರಮ್ಮಿನ ಕಡೆ ಕಿವಿ ಕೊಡಿ. ತಬಲಾ ಸೋಲೊಗೆ ನೀವು ಲೆಹರಾ (ತಿರುತಿರುಗಿ ನುಡಿಸುವ ಸಾಲು) ಹಿಡಿಯುತ್ತೀರಲ್ಲ, ನೀವು ಒಂದೇ ಸಾಲು ನುಡಿಸುತ್ತಿದ್ದರೂ ತಬಲಾದವರು ಮಾಡುವ ಲಯಕಾರಿಯಿಂದ ಆ ಸಾಲೇ ಬೇರೆ ಥರ ಕೇಳಿಸುತ್ತದೆ. ಇಲ್ಲಿ ಆ ಕೆಲಸ ಮೂವರ ನಡುವೆ ಕೈ ಬದಲಾಗುತ್ತಾ ಹೋಗುತ್ತದೆ. ಲೆಹರಾ ಹಿಡಿದವರು ಯಾರು ಅಂತ ಕೇಳುತ್ತಾ ಹೋಗಿ. ಆಮೇಲೆ ‘ಅನ್‌ಈಸಿ’, ಆಮೇಲೆ ‘ಕಂಪ್ಯಾಶನ್’.

ಇನ್ನೊಂದು ಅಡ್ಡಮಾತು. ಅಯ್ಯರ್ ಜೊತೆ ಶುರುವಿನಿಂದಲೂ ನುಡಿಸಿದವರಲ್ಲಿ ಸ್ಯಾಕ್ಸೊಫೋನ್‌ನ ರುದ್ರೇಶ್ ಮಹಂತಪ್ಪ ಒಬ್ಬರು. ಹೆಸರು ಕೇಳಿದರೆ ನಮ್ಮ ಸಿಂಧನೂರಿನವರೇನೋ ಅನ್ನಿಸುತ್ತೆ. ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ. ಇವರಿಬ್ಬರೇ ನುಡಿಸಿದ ‘ರಾ ಮೆಟೀರಿಯಲ್ಸ್’ 2006ರದ್ದು. ಆಮೇಲೆ ಮಹಂತಪ್ಪ ನಮ್ಮ ಕದ್ರಿ ಗೋಪಾಲನಾಥರ ಜೊತೆ ಕೂತು 2008ರಲ್ಲಿ ‘ಕಿನ್ಸ್‌ಮೆನ್’ ಮಾಡಿದರು. ಅದನ್ನು ಬಿಡಬೇಡಿ.

ಇನ್ನು ಪ್ರವಾಸ. ಬಳ್ಳಾರಿ, ರಾಯಚೂರು, ಕೊಪ್ಪಳದ ಆಸೆ ಪಕ್ಕಕ್ಕಿಡಿ. ಕಾರಣ ದುಡ್ಡು, ಟಿಕೆಟ್ಟು ಮಾತ್ರ ಅಲ್ಲ. ಪೇಟಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ ಹತ್ತಬಹುದು. ಪಿಯಾನೊ ವಾದಕರು ಬರಿಗೈಲಿ ಬರುತ್ತಾರೆ, ಅಲ್ಲಿ ಇದ್ದದ್ದನ್ನೇ ನುಡಿಸುತ್ತಾರೆ. ಕಛೇರಿಗೆ ಬೇಕಾಗುವ ಗ್ರಾಂಡ್ ಪಿಯಾನೊ ಒಂಬತ್ತು ಅಡಿ ಉದ್ದ, ಅರ್ಧ ಟನ್ ಹತ್ತಿರ ತೂಕ. 88 ಮನೆ, ಸುಮಾರು 230 ತಂತಿ. ಕಾರ್ಯಕ್ರಮದ ದಿನವೇ ಶ್ರುತಿ ಮಾಡುವವರು ಬಂದು ಕೂರಬೇಕು. ನಮ್ಮ ಬಳ್ಳಾರಿಯ ಮೇ ತಿಂಗಳ ಬಿಸಿಲಿಗೆ ಅದರ ಮರದ ಹಲಗೆ ಒಣಗಿ ಶ್ರುತಿ ಇಳಿಯುತ್ತದೆ. ರಾಘವ ಕಲಾಮಂದಿರವಾಗಲಿ, ರಾಯಚೂರಿನ ಜಂಬಲದಿನ್ನಿ ರಂಗಮಂದಿರವಾಗಲಿ ಕಟ್ಟಿದ್ದು ಮಾತಿಗೆ, ಹಾಡಿಗೆ.

ಇವರ ಪ್ರವಾಸ ಹೇಗಿರುತ್ತದೆ ಅಂದ್ರೆ, ಪಾಠದ ನಡುವೆ ಒಂದೆರಡು ಊರು, ಬೇಸಿಗೆಯಲ್ಲಿ ಯುರೋಪಿನ ಸಂಗೀತ ಹಬ್ಬಗಳು, ಆಗಾಗ ನ್ಯೂಯಾರ್ಕಿನ ಕ್ಲಬ್ಬುಗಳು. ಅಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಅಂತ ಒಂದು ನೆಲಮಾಳಿಗೆ ಇದೆ, 1935ರಿಂದ. ನೂರಿಪ್ಪತ್ತು ಚಿಲ್ಲರೆ ಜನ ಕೂರಬಹುದು ಅಷ್ಟೇ. ಒಂದು ಮೇಳ ಬಂದರೆ ಮಂಗಳವಾರದಿಂದ ಭಾನುವಾರದವರೆಗೆ, ರಾತ್ರಿಗೆ ಎರಡು ಪ್ರದರ್ಶನ. ಕಂಪನಿ ನಾಟಕದವರು ಒಂದೇ ಊರಲ್ಲಿ ಕ್ಯಾಂಪ್ ಹಾಕುವ ರೀತಿ ಇದು. ಮೊದಲ ರಾತ್ರಿ ಗಟ್ಟಿಯಾಗಿ ಹಿಡಿದ ತುಣುಕು ಕೊನೇ ರಾತ್ರಿಗೆ ಸಡಿಲವಾಗಿ ಅರಳಿರುತ್ತದೆ. ಜಾಝ್‌ನಲ್ಲಿ ಆಲ್ಬಮ್ ಅಂದ್ರೆ ಅಂಥ ನೂರಾರು ರಾತ್ರಿಗಳಲ್ಲಿ ಒಂದು ರಾತ್ರಿಯ ಫೋಟೊ ಅಷ್ಟೇ. ಅದಕ್ಕೇ ಇವರ ಲೈವ್ ವಿಡಿಯೊಗಳನ್ನು ಹುಡುಕಿ ನೋಡಿ ಅಂತೀನಿ. ಅದೇ ತುಣುಕು ಎಷ್ಟು ಬೇರೆ ಅಂತ ಗೊತ್ತಾಗುತ್ತದೆ.

ಯಾರದ್ದಾದರೂ ಸರಿ, ಜಾಝ್ ಪಿಯಾನೊವನ್ನು ಎದುರಿಗೇ ಕೇಳಬೇಕು ಅಂದ್ರೆ ಬೆಂಗಳೂರಿಗೆ ಹೋಗಿ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಲ್ಲಿ ಜಾಝ್ ಕಾರ್ಯಕ್ರಮಗಳು ನಡೆಯುತ್ತವೆ. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಮುಂಬೈಗೆ ಒಯ್ಯುತ್ತದೆ, ಅಲ್ಲಿ ಎನ್‌ಸಿಪಿಎ ಅನ್ನೋ ದೊಡ್ಡ ಕಲಾಕೇಂದ್ರ ಇದೆ. ಹೊರಡುವ ಮುಂಚೆ ಅವರ ಕಾರ್ಯಕ್ರಮ ಪಟ್ಟಿ ನೋಡಿಕೊಳ್ಳಿ.

ಈಗ ನಿಮ್ಮ ಕೀಬೋರ್ಡ್.

ಕೈ ಪೇಟಿಯಲ್ಲಿ ಎಡಗೈ ಗಾಳಿ ಹಾಕುವುದರಲ್ಲೇ ಕಳೆದುಹೋಗುತ್ತದೆ. ನಾಟಕದ ಕಾಲು ಪೇಟಿ ನುಡಿಸಿದ್ದೀರಾ? ಹಾಗಿದ್ದರೆ ನಿಮಗೆ ದೊಡ್ಡ ಅನುಕೂಲ. ಗಾಳಿ ಕಾಲಿನದು, ಎರಡೂ ಕೈ ಬಿಡುವು. ಆದರೆ ನಮ್ಮವರು ಎಡಗೈಯಲ್ಲೂ ಅದೇ ರಾಗದ ಸ್ವರಗಳನ್ನು ಕೆಳಗಿನ ಸಪ್ತಕದಲ್ಲಿ ನುಡಿಸುವುದೇ ಜಾಸ್ತಿ. ಅಯ್ಯರ್ ಅವರ ಎಡಗೈ ಬೇರೆ ಮನುಷ್ಯ. ಬಲಗೈ ಎಲ್ಲಿಗೇ ಹೋಗಲಿ, ಅದು ತನ್ನ ಲೆಕ್ಕ ಬಿಡುವುದಿಲ್ಲ.

ಪೇಟಿಯಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ ಅನ್ನೋದು ಹಳೇ ದೂರು. ಆಕಾಶವಾಣಿಯವರು 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟದ್ದಕ್ಕೆ ಅದೂ ಒಂದು ಕಾರಣ. ಪಿಯಾನೊದಲ್ಲೂ ಮೀಂಡ್ ಇಲ್ಲ. ಪಿಟೀಲಿನಲ್ಲಿ ಬೆಳೆದ ಕೈ ಪಿಯಾನೊಗೆ ಬಂದಾಗ ಸ್ವರದಿಂದ ಸ್ವರಕ್ಕೆ ಜಾರುವ ದಾರಿ ಮುಚ್ಚಿತು. ಅಯ್ಯರ್ ಆ ಜಾರುವಿಕೆಯನ್ನು ಲಯದಲ್ಲಿ ಹುಡುಕಿಕೊಂಡರು ಅಂತ ನನ್ನ ಅನಿಸಿಕೆ. ಹೊಡೆತ ಒಂದು ಕೂದಲೆಳೆ ಮುಂದೆ, ಒಂದು ಕೂದಲೆಳೆ ಹಿಂದೆ. ಅದು ಪೇಟಿಯಲ್ಲೂ ಸಾಧ್ಯ, ಕೀಬೋರ್ಡಿನಲ್ಲೂ ಸಾಧ್ಯ.

ಮೊದಲು ಕೀಬೋರ್ಡಿನಲ್ಲಿ ಹಾರ್ಮೋನಿಯಂ ಟೋನ್ ಬಿಟ್ಟು ಪಿಯಾನೊ ಟೋನ್ ಹಾಕಿ. ಹಾರ್ಮೋನಿಯಂ ಟೋನ್‌ನಲ್ಲಿ ಸ್ವರ ನಿಂತೇ ಇರುತ್ತದೆ, ಹಾಗಾಗಿ ಹೊಡೆತದ ತಪ್ಪು ಕೇಳಿಸುವುದಿಲ್ಲ. ಪಿಯಾನೊ ಸ್ವರ ಹುಟ್ಟಿದ ತಕ್ಷಣ ಸಾಯಲು ಶುರುವಾಗುತ್ತದೆ, ತಪ್ಪು ಬಯಲಾಗುತ್ತದೆ. ರಿದಮ್ ಬಟನ್ ಮುಟ್ಟಲೇಬೇಡಿ. ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಕೂಡ ಬೇಡ, ನಿಮ್ಮ ಕರಿ ಒಂದರಲ್ಲೋ ಕರಿ ಎರಡರಲ್ಲೋ ಇರಿ. ಎಡಗೈಯಲ್ಲಿ ಷಡ್ಜ ಪಂಚಮ ಒಟ್ಟಿಗೆ ಒತ್ತಿ, ಎಂಟು ಮಾತ್ರೆಯಲ್ಲಿ ಒಂದಕ್ಕೆ ಮತ್ತು ಆರಕ್ಕೆ. ಅದು ಕೈಗೆ ಕೂರುವವರೆಗೆ ಬಲಗೈ ತೊಡೆ ಮೇಲಿರಲಿ. ಕೂತ ಮೇಲೆ ಬಲಗೈಯಲ್ಲಿ ಕೆಹರ್ವಾದ ಯಾವುದಾದರೂ ರಂಗಗೀತೆ ನುಡಿಸಿ. ಬಲಗೈ ಎಡಗೈಯನ್ನು ನಾಲ್ಕು ನಾಲ್ಕಕ್ಕೆ ಎಳೆಯಲು ನೋಡುತ್ತದೆ, ಬಿಡಬೇಡಿ. ಆಮೇಲೆ ಒಡೆತ ತಿರುಗಿಸಿ, ಒಂದಕ್ಕೆ ಮತ್ತು ನಾಲ್ಕಕ್ಕೆ, ಅಂದರೆ ಮೂರು ಐದು.

ಹದಿಮೂರಕ್ಕೆ ಹೋದಾಗ ರಂಗಗೀತೆ ಹೊಂದುವುದಿಲ್ಲ. ಆಗ ಹದಿಮೂರು ಮಾತ್ರೆಗೆ ಕೂರುವ ಒಂದು ಸಣ್ಣ ಸಾಲು ನೀವೇ ಕಟ್ಟಿ, ಲೆಹರಾ ಥರ ಸುತ್ತಿಸಿ. ನಿಮ್ಮ ನಾಟಕದ ತಬಲಾದವರನ್ನೂ ಕೂರಿಸಿಕೊಳ್ಳಿ. ಹದಿಮೂರು ಅಂದ ತಕ್ಷಣ ಅವರು ಮುಖ ಸಿಂಡರಿಸಬಹುದು. ಎಂಟು ಐದು ಅಂತ ಹೇಳಿ, ಹಿಡಿಯುತ್ತಾರೆ. ಯಾರೂ ಸಿಗದಿದ್ದರೆ ಟಿಕ್ ಟಿಕ್ ಅಂತ ಲಯ ಕೊಡುವ ಮೆಟ್ರೊನೋಮ್ ಆ್ಯಪ್ ಸಾಕು. ನಿಮಿಷಕ್ಕೆ 72ರಲ್ಲಿ ಶುರು ಮಾಡಿ, 100 ದಾಟುವ ಅವಸರ ಬೇಡ.